ತಪ್ಪು ಸಲಹೆಯ ಹೊಣೆ ಯಾರ ಹೆಗಲಿಗೆ?

ಅಧಿಕಾರದಲ್ಲಿರುವವರ ನಾಲಗೆಯ ತುದಿಯಲ್ಲಿ ಒಂದು ವಾಕ್ಯ ಸದಾ ಸಿದ್ಧವಾಗಿರುತ್ತದೆ: 'ಅಧಿಕಾರಿಗಳು ನನಗೆ ತಪ್ಪು ಮಾಹಿತಿ ನೀಡಿದ್ದರು.' ಯೋಜನೆ ಯಶಸ್ವಿಯಾದಾಗ ಈ ವಾಕ್ಯ ಎಲ್ಲಿಯೂ ಕೇಳಿಬರುವುದಿಲ್ಲ. ಆಗ ದೂರದೃಷ್ಟಿ ನಾಯಕರದ್ದು, ಫಲಕದ ಮೇಲಿನ ಹೆಸರು ನಾಯಕರದ್ದು, ಹಾರ ತುರಾಯಿಗಳೂ ನಾಯಕರಿಗೇ. ಯೋಜನೆ ಮುಗ್ಗರಿಸಿತೋ, ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಕಾರ್ಯದರ್ಶಿ, ಸಲಹೆಗಾರ, ಆಪ್ತ ಸಹಾಯಕ ಮುಂತಾದವರನ್ನು ಏಕಾಏಕಿ ವೇದಿಕೆಯ ಮುಂಭಾಗಕ್ಕೆ ತಂದು ನಿಲ್ಲಿಸಲಾಗುತ್ತದೆ. ಯಶಸ್ಸಿಗೆ ಒಬ್ಬನೇ ತಂದೆ, ವೈಫಲ್ಯಕ್ಕೆ ಮಾತ್ರ ಇಡೀ ಇಲಾಖೆಯೇ ತಂದೆ!

ಈ ಸಮಜಾಯಿಷಿಯಲ್ಲಿ ಸತ್ಯಾಂಶವೇ ಇಲ್ಲವೆಂದು ಹೇಳಲಾಗದು. ಒಂದು ದೇಶದ ಪ್ರಧಾನಿಯಾಗಲಿ, ರಾಜ್ಯದ ಸಚಿವರಾಗಲಿ ಪ್ರತಿಯೊಂದು ಕಡತವನ್ನೂ ಸ್ವತಃ ಓದಿ, ಪ್ರತಿಯೊಂದು ಅಂಕಿಯನ್ನೂ ಸ್ವತಃ ಕೂಡಿ ಕಳೆದು ತೀರ್ಮಾನಿಸಲು ಸಾಧ್ಯವಿಲ್ಲ. ಆಡಳಿತವೆಂದರೆ ಇತರರ ಕಣ್ಣಿನಿಂದ ನೋಡುವ, ಇತರರ ಕಿವಿಯಿಂದ ಕೇಳುವ ಕೆಲಸ. ಆದರೆ ಆ ಕಣ್ಣು ಕಿವಿಗಳನ್ನು ಆರಿಸಿಕೊಂಡವರು ಯಾರು? ಅವು ಏನನ್ನು ನೋಡಬೇಕು, ಏನನ್ನು ಕೇಳಬಾರದು ಎಂದು ಕಲಿಸಿದವರು ಯಾರು? ಈ ಪ್ರಶ್ನೆಯನ್ನು ಕೇಳದೆ 'ಪಾಪ, ಅವರಿಗೇನು ಗೊತ್ತು, ಸುತ್ತಲಿನವರು ಹಾಳು ಮಾಡಿದರು' ಎಂದು ನಾಯಕರನ್ನು ಕ್ಷಮಿಸಿಬಿಡುವ ಒಂದು ದೌರ್ಬಲ್ಯ ನಮ್ಮ ಜನರಲ್ಲಿದೆ. ರಾಜ ಒಳ್ಳೆಯವನು, ಮಂತ್ರಿಯೇ ಕೆಟ್ಟವನು ಎಂಬ ಹಳೆಯ ಕಥೆಗಳ ಪ್ರಭಾವವಿದ್ದೀತು. ಪ್ರಜಾಪ್ರಭುತ್ವದಲ್ಲಿ ಆ ಕಥೆಗೆ ಸ್ಥಾನವಿಲ್ಲ.

ನಮ್ಮ ಕಾಲದಲ್ಲಿ ಈ ಸಮಜಾಯಿಷಿಗೆ ಅತ್ಯಂತ ದುಬಾರಿ ಬೆಲೆ ತೆತ್ತ ದೇಶವೆಂದರೆ ಇರಾಕ್.

2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪಾವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಒಂದು ಗಂಟೆಗೂ ಹೆಚ್ಚು ಕಾಲ ಮಾತನಾಡಿದರು. ಉಪಗ್ರಹ ಚಿತ್ರಗಳು, ಕದ್ದು ಕೇಳಿದ ಸಂಭಾಷಣೆಯ ಧ್ವನಿಮುದ್ರಿಕೆಗಳು, ಚಕ್ರಗಳ ಮೇಲೆ ಓಡಾಡುವ ಜೈವಿಕ ಅಸ್ತ್ರ ಪ್ರಯೋಗಾಲಯಗಳ ರೇಖಾಚಿತ್ರಗಳು, ಕೈಯಲ್ಲೊಂದು ಪುಟ್ಟ ಸೀಸೆ. ಅವರ ಬೆನ್ನ ಹಿಂದೆಯೇ, ಕ್ಯಾಮರಾದ ಚೌಕಟ್ಟಿನೊಳಗೆ ಕಾಣುವಂತೆ, ಸಿಐಎ ಮುಖ್ಯಸ್ಥ ಜಾರ್ಜ್ ಟೆನೆಟ್ ಕುಳಿತಿದ್ದರು. ತಾನು ಹೇಳುತ್ತಿರುವ ಪ್ರತಿಯೊಂದು ಮಾತಿಗೂ ಗಟ್ಟಿಯಾದ ಆಧಾರವಿದೆ ಎಂದು ಪಾವೆಲ್ ಜಗತ್ತಿಗೆ ಭರವಸೆ ನೀಡಿದರು. (ಭದ್ರತಾ ಮಂಡಳಿಯ ಬಾಗಿಲ ಬಳಿ ತೂಗುಹಾಕಿದ್ದ, ಬಾಂಬ್ ದಾಳಿಗೆ ತುತ್ತಾದವರ ಆಕ್ರಂದನವನ್ನು ಚಿತ್ರಿಸುವ ಪಿಕಾಸೋನ 'ಗೆರ್ನಿಕಾ'ದ ಪ್ರತಿಕೃತಿಗೆ ಆ ದಿನಗಳಲ್ಲಿ ನೀಲಿ ಪರದೆ ಎಳೆಯಲಾಗಿತ್ತು. ದೂರದರ್ಶನ ಕ್ಯಾಮರಾಗಳ ಅನುಕೂಲಕ್ಕಾಗಿ ಎಂಬುದು ಅಧಿಕೃತ ವಿವರಣೆ!) ಆರು ವಾರಗಳ ಬಳಿಕ ಬಾಗ್ದಾದಿನ ಮೇಲೆ ಬಾಂಬುಗಳು ಸುರಿಯತೊಡಗಿದವು.

ಮುಂದಿನದ್ದು ಎಲ್ಲರಿಗೂ ತಿಳಿದಿದೆ. ಅಸ್ತ್ರಗಳು ಸಿಗಲಿಲ್ಲ. ಅಮೆರಿಕವೇ ನೇಮಿಸಿದ ಶೋಧನಾ ತಂಡ 2004ರ ಅಕ್ಟೋಬರ್‌ನಲ್ಲಿ ಅಂಥ ದಾಸ್ತಾನು ಇರಲೇ ಇಲ್ಲವೆಂದು ವರದಿ ನೀಡಿತು. ಚಕ್ರದ ಮೇಲಿನ ಪ್ರಯೋಗಾಲಯಗಳ ಕಥೆ ಮುಖ್ಯವಾಗಿ ಒಬ್ಬನೇ ವ್ಯಕ್ತಿಯಿಂದ ಬಂದಿತ್ತು. ಜರ್ಮನಿಯಲ್ಲಿ ಆಶ್ರಯ ಬೇಡಿ ಬಂದ, 'ಕರ್ವ್‌ಬಾಲ್' ಎಂಬ ಗುಪ್ತನಾಮದ ಒಬ್ಬ ಇರಾಕಿ ಆತ. ಅವನನ್ನು ವಿಚಾರಿಸಿದ್ದು ಜರ್ಮನ್ ಗುಪ್ತಚರರು. ಅವನ ಮಾತನ್ನು ನಂಬಿ ಯುದ್ಧಕ್ಕೆ ಹೊರಟ ಸಿಐಎ ಅಧಿಕಾರಿಗಳು ಯುದ್ಧಕ್ಕೆ ಮೊದಲು ಅವನನ್ನು ಸ್ವತಃ ವಿಚಾರಿಸಿರಲೇ ಇಲ್ಲ. 2011ರಲ್ಲಿ ಅವನೇ ತಾನು ಸುಳ್ಳು ಹೇಳಿದ್ದಾಗಿ ಬಹಿರಂಗವಾಗಿ ಒಪ್ಪಿಕೊಂಡ. ಇರಾಕಿಗೂ ಅಲ್ ಖೈದಾಕ್ಕೂ ನಂಟಿದೆ ಎಂಬ ಇನ್ನೊಂದು ಕಥೆಯ ಮೂಲ, ಈಜಿಪ್ಟಿನ ಸೆರೆಮನೆಯಲ್ಲಿ ಚಿತ್ರಹಿಂಸೆಗೊಳಗಾಗಿ ಬಾಯಿ ಬಿಟ್ಟ ಲಿಬಿಯಾದ ಒಬ್ಬ ಬಂದಿ. ಆತನೂ ನಂತರ ತನ್ನ ಹೇಳಿಕೆಯನ್ನು ಹಿಂಪಡೆದ.

ಪಾವೆಲ್ ಅಧಿಕಾರ ಬಿಟ್ಟ ಮೇಲೆ, 2005ರಲ್ಲಿ, ಆ ಭಾಷಣ ತನ್ನ ಹೆಸರಿಗೆ ಅಂಟಿದ ಕಳಂಕವೆಂದು ನೋವಿನಿಂದ ಹೇಳಿಕೊಂಡರು. ಜೊತೆಗೇ, ಕೆಲವು ಮೂಲಗಳು ನಂಬಿಕೆಗೆ ಅರ್ಹವಲ್ಲವೆಂದು ಗುಪ್ತಚರ ಇಲಾಖೆಯ ಕೆಲವರಿಗೆ ಆಗಲೇ ತಿಳಿದಿತ್ತು, ಅವರು ಬಾಯಿ ಬಿಡಲಿಲ್ಲ ಎಂದೂ ದೂರಿದರು. 2021ರಲ್ಲಿ ನಿಧನರಾಗುವವರೆಗೂ ಆ ಕಳಂಕ ಅವರನ್ನು ಬಿಡಲಿಲ್ಲ. ಪಾವೆಲ್ ಬಗ್ಗೆ ಅನುಕಂಪ ಹುಟ್ಟುವುದು ಸಹಜವೇ. ಉಪಾಧ್ಯಕ್ಷ ಡಿಕ್ ಚೆನಿಯ ಕಚೇರಿಯಿಂದ ಬಂದ ಮೊದಲ ಕರಡನ್ನು ಅವರು ಬದಿಗೆ ಸರಿಸಿದ್ದರು. ಸಿಐಎ ಕೇಂದ್ರ ಕಚೇರಿಯಲ್ಲಿ ದಿನಗಟ್ಟಲೆ ಕುಳಿತು ಸಾಲು ಸಾಲನ್ನೂ ಪರಿಶೀಲಿಸಿದ್ದರು. ಟೆನೆಟ್ ತನ್ನ ಹಿಂದೆಯೇ ಕುಳಿತುಕೊಳ್ಳಬೇಕೆಂದು ಪಟ್ಟು ಹಿಡಿದಿದ್ದೂ ಅವರೇ. ಇಷ್ಟೆಲ್ಲಾ ಎಚ್ಚರ ವಹಿಸಿದ ಮನುಷ್ಯನನ್ನು ಸಿಬ್ಬಂದಿ ಮೋಸಗೊಳಿಸಿತು ಎನ್ನುವುದು ನ್ಯಾಯವಲ್ಲವೇ?

ಇಲ್ಲಿಯೇ ನಾವು ತಡೆದು ನಿಂತು ನೋಡಬೇಕು. ಪಾವೆಲ್ ಅವರ ಸ್ವಂತ ಇಲಾಖೆಯಲ್ಲಿಯೇ ಗುಪ್ತಚರ ಮಾಹಿತಿಯನ್ನು ವಿಶ್ಲೇಷಿಸುವ ಒಂದು ಸಣ್ಣ ಘಟಕವಿತ್ತು. ಭಾಷಣಕ್ಕೆ ಮುನ್ನ ಆ ಘಟಕ ಕರಡನ್ನು ಓದಿ, ಹತ್ತಾರು ಅಂಶಗಳು ದುರ್ಬಲ ಅಥವಾ ಆಧಾರರಹಿತವೆಂದು ಲಿಖಿತವಾಗಿಯೇ ತಿಳಿಸಿತ್ತು. ಅವುಗಳಲ್ಲಿ ಅನೇಕವನ್ನು ತೆಗೆದುಹಾಕಲಾಯಿತು, ಕೆಲವನ್ನು ಹಾಗೆಯೇ ಉಳಿಸಿಕೊಳ್ಳಲಾಯಿತು. ಅಲ್ಯೂಮಿನಿಯಂ ಕೊಳವೆಗಳು ಅಣ್ವಸ್ತ್ರ ತಯಾರಿಗಾಗಿ ತಂದವಲ್ಲ ಎಂಬ ಭಿನ್ನಾಭಿಪ್ರಾಯವನ್ನು ಇದೇ ಘಟಕ ತಿಂಗಳುಗಳ ಹಿಂದೆಯೇ ದಾಖಲಿಸಿತ್ತು. ಅಮೆರಿಕದ ಸೆನೆಟ್ ಸಮಿತಿ 2004ರಲ್ಲಿ ಈ ಟಿಪ್ಪಣಿಗಳನ್ನು ಪ್ರಕಟಿಸಿದ್ದರಿಂದ ಇದು ಜಗತ್ತಿಗೆ ತಿಳಿಯಿತು. ಅಂದರೆ, ಸರಿಯಾದ ಸಲಹೆ ಇರಲೇ ಇಲ್ಲವೆಂದಲ್ಲ. ಅದು ಪಾವೆಲ್ ಅವರ ಮೇಜಿನ ಮೇಲೆಯೇ ಇತ್ತು. ಎರಡು ಸಲಹೆಗಳಲ್ಲಿ ಯಾವುದನ್ನು ನಂಬಬೇಕೆಂದು ತೀರ್ಮಾನಿಸಿದ್ದು ಸಿಬ್ಬಂದಿಯಲ್ಲ, ನಾಯಕ.

ಇನ್ನು ಅವರ ಮೇಲಿದ್ದ ನಾಯಕನ ವಿಷಯ. 2003ರ ಜನವರಿ 28ರಂದು ಅಧ್ಯಕ್ಷ ಜಾರ್ಜ್ ಬುಷ್ ಸಂಸತ್ತಿನಲ್ಲಿ ಮಾಡಿದ ವಾರ್ಷಿಕ ಭಾಷಣದಲ್ಲಿ, ಸದ್ದಾಂ ಹುಸೇನ್ ಆಫ್ರಿಕಾದಿಂದ ಯುರೇನಿಯಂ ಪಡೆಯಲು ಯತ್ನಿಸಿದನೆಂದು ಬ್ರಿಟಿಷ್ ಸರ್ಕಾರ ಕಂಡುಕೊಂಡಿದೆ ಎಂಬ ಒಂದು ವಾಕ್ಯವಿತ್ತು. ಇಂಗ್ಲಿಷಿನಲ್ಲಿ ಅದು ಕೇವಲ ಹದಿನಾರು ಪದ. ಇದೇ ಆರೋಪವನ್ನು ಅದಕ್ಕೆ ಮೂರು ತಿಂಗಳು ಮುಂಚೆ, 2002ರ ಅಕ್ಟೋಬರ್‌ನ ಇನ್ನೊಂದು ಭಾಷಣದಿಂದ ಸಿಐಎ ಹಟ ಹಿಡಿದು ತೆಗೆಸಿಹಾಕಿತ್ತು. ಆದರೂ ಅದು ಹೇಗೋ ಜನವರಿಯ ಭಾಷಣದೊಳಗೆ ನುಸುಳಿತು. ಆ ಆರೋಪಕ್ಕೆ ಸಂಬಂಧಿಸಿದ ದಾಖಲೆಗಳು ನಕಲಿಯೆಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥ ಮುಹಮ್ಮದ್ ಅಲ್ ಬರಾದಿ ಮಾರ್ಚ್ 7ರಂದು, ಯುದ್ಧಕ್ಕೆ ಇನ್ನೂ ಸುಮಾರು ಎರಡು ವಾರ ಇರುವಾಗಲೇ, ಭದ್ರತಾ ಮಂಡಳಿಗೆ ತಿಳಿಸಿದರು. ಯುದ್ಧ ನಿಲ್ಲಲಿಲ್ಲ.

ಜುಲೈಯಲ್ಲಿ ವಿವಾದ ಭುಗಿಲೆದ್ದಾಗ ನಡೆದ ನಾಟಕವನ್ನು ರಾಜಕೀಯ ಶಾಸ್ತ್ರದ ವಿದ್ಯಾರ್ಥಿಗಳು ಪಾಠವಾಗಿ ಓದಬೇಕು. ಮೊದಲು ಟೆನೆಟ್ ಮುಂದೆ ಬಂದು, ಆ ವಾಕ್ಯವನ್ನು ತಡೆಯದಿದ್ದುದು ತನ್ನ ತಪ್ಪು ಎಂದರು. ಅದು ಸಾಲದಾದಾಗ ರಾಷ್ಟ್ರೀಯ ಭದ್ರತಾ ಉಪ ಸಲಹೆಗಾರ ಸ್ಟೀಫನ್ ಹ್ಯಾಡ್ಲಿ ಮುಂದೆ ಬಂದು, ಸಿಐಎ ಕಳುಹಿಸಿದ ಎಚ್ಚರಿಕೆಯ ಟಿಪ್ಪಣಿಗಳು ತನಗೆ ಮರೆತುಹೋಗಿದ್ದವು ಎಂದರು. ಜುಲೈ ತಿಂಗಳ ಕೊನೆಗೆ ಬುಷ್ ಅವರೇ, ತಾನು ಆಡುವ ಪ್ರತಿಯೊಂದು ಮಾತಿಗೂ ತಾನೇ ಹೊಣೆ ಎಂದು ಪತ್ರಿಕಾಗೋಷ್ಠಿಯಲ್ಲಿ ಹೇಳಿದರು. ಒಳ್ಳೆಯ ಮಾತು. ಆದರೆ ಹೊಣೆ ಹೊತ್ತ ಮೇಲೆ ಆದದ್ದೇನು? ಟೆನೆಟ್ 2004ರಲ್ಲಿ ಹುದ್ದೆ ಬಿಟ್ಟರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬುಷ್ ಅವರ ಕೊರಳಿಗೆ ದೇಶದ ಅತ್ಯುನ್ನತ ನಾಗರಿಕ ಪದಕವನ್ನು ತೊಡಿಸಿದರು! ಎಚ್ಚರಿಕೆಯನ್ನು ಮರೆತ ಹ್ಯಾಡ್ಲಿ 2005ರಲ್ಲಿ ಉಪ ಸಲಹೆಗಾರನ ಸ್ಥಾನದಿಂದ ಬಡ್ತಿ ಪಡೆದು ರಾಷ್ಟ್ರೀಯ ಭದ್ರತಾ ಸಲಹೆಗಾರರಾದರು.

ಇನ್ನೊಂದು ಸಾಲಿನವರ ಗತಿ ನೋಡಿ. ಇರಾಕನ್ನು ಹತೋಟಿಯಲ್ಲಿಡಲು ಹಲವು ಲಕ್ಷ ಸೈನಿಕರು ಬೇಕಾದೀತೆಂದು ಭೂಸೇನೆಯ ಮುಖ್ಯಸ್ಥ ಜನರಲ್ ಎರಿಕ್ ಶಿನ್ಸೆಕಿ 2003ರ ಫೆಬ್ರವರಿಯಲ್ಲಿ ಸೆನೆಟ್ ಸಮಿತಿಗೆ ನೇರವಾಗಿ ಹೇಳಿದರು. ಎರಡೇ ದಿನದಲ್ಲಿ ರಕ್ಷಣಾ ಇಲಾಖೆಯ ಎರಡನೆಯ ಸ್ಥಾನದಲ್ಲಿದ್ದ ಪಾಲ್ ವುಲ್ಫೋವಿಟ್ಜ್ ಆ ಅಂದಾಜನ್ನು ಬಹಿರಂಗವಾಗಿ ಅಲ್ಲಗಳೆದರು. ಯುದ್ಧಕ್ಕೆ 100ರಿಂದ 200 ಬಿಲಿಯನ್ ಡಾಲರ್ ಖರ್ಚಾಗಬಹುದೆಂದು 2002ರ ಸೆಪ್ಟೆಂಬರ್‌ನಲ್ಲಿ ಹೇಳಿದ ಬುಷ್ ಅವರ ಆರ್ಥಿಕ ಸಲಹೆಗಾರ ಲಾರೆನ್ಸ್ ಲಿಂಡ್ಸೆ ಡಿಸೆಂಬರ್‌ನಲ್ಲಿ ಹುದ್ದೆ ಬಿಡಬೇಕಾಯಿತು. ಕಾರಣ ಅದೊಂದೇ ಎನ್ನಲಾಗದು. ಆದರೆ ಉಳಿದ ಸಲಹೆಗಾರರು ಅದರಿಂದ ಏನು ಕಲಿತಿರಬಹುದೆಂದು ಊಹಿಸುವುದು ಕಷ್ಟವಲ್ಲ. ಕೊನೆಗೆ ಆದ ಖರ್ಚು ಲಿಂಡ್ಸೆ ಹೇಳಿದ ಅಂಕಿಗಳನ್ನು ಎಷ್ಟೋ ಪಟ್ಟು ಮೀರಿತು. ಇರಾಕಿನ ಮನೆಗಳಲ್ಲಿ ಹೊರಟ ಜನಾಝಾಗಳ ಲೆಕ್ಕ ಬೇರೆಯೇ ಇದೆ.

ಆದ್ದರಿಂದ 'ನನಗೆ ತಪ್ಪು ಸಲಹೆ ಸಿಕ್ಕಿತು' ಎಂಬ ಮಾತನ್ನು ಸ್ವಲ್ಪ ತಿರುಗಿಸಿ ನೋಡಬೇಕಾಗಿದೆ. ಸಲಹೆಯೆಂಬುದು ಆಕಾಶದಿಂದ ಉದುರುವುದಿಲ್ಲ. ಒಡೆಯನಿಗೆ ಯಾವ ಸುದ್ದಿ ಸಿಹಿ, ಯಾವುದು ಕಹಿ ಎಂಬುದನ್ನು ಕಚೇರಿಯ ಜವಾನನಿಂದ ಕಾರ್ಯದರ್ಶಿಯವರೆಗೆ ಎಲ್ಲರೂ ಬೇಗನೆ ಅರಿತುಕೊಳ್ಳುತ್ತಾರೆ. ಕಹಿ ಸುದ್ದಿ ತಂದವನ ಮುಖ ಒಮ್ಮೆ ಬಾಡಿತೆಂದರೆ, ಮರುದಿನದಿಂದ ಬರುವ ಸುದ್ದಿಗಳೆಲ್ಲ ಸಿಹಿಯೇ. ಸಿಐಎಯಲ್ಲಿ ಯುರೋಪ್ ವಿಭಾಗದ ಮುಖ್ಯಸ್ಥರಾಗಿದ್ದವರು ಕರ್ವ್‌ಬಾಲ್ ಬಗ್ಗೆ ತಾನು ಎಚ್ಚರಿಸಿದ್ದೆ ಎಂದು ನಂತರ ಹೇಳಿದರು. ಅವರ ಮೇಲಧಿಕಾರಿಗಳು ಅಂಥ ಎಚ್ಚರಿಕೆ ತಮಗೆ ತಲುಪಲೇ ಇಲ್ಲವೆಂದರು. ಇಬ್ಬರಲ್ಲಿ ಯಾರು ಸತ್ಯವಂತರೋ ದೇವರಿಗೇ ಗೊತ್ತು. ಆದರೆ ಎಚ್ಚರಿಕೆ ಮೆಟ್ಟಿಲು ಹತ್ತಲಾಗದಂಥ ಕಟ್ಟಡವನ್ನು ಕಟ್ಟಿದವರು ಮೇಲಿನ ಮಹಡಿಯಲ್ಲಿರುವವರೇ ಎಂಬುದರಲ್ಲಿ ಎರಡು ಮಾತಿಲ್ಲ.

ಬ್ರಿಟನ್ನಿನ ಉದಾಹರಣೆ ಇನ್ನೂ ಸ್ಪಷ್ಟ. ಎರಡನೆಯ ನಿರ್ಣಯವಿಲ್ಲದೆ ಯುದ್ಧಕ್ಕಿಳಿಯುವುದು ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧವೆಂದು ವಿದೇಶಾಂಗ ಇಲಾಖೆಯ ಪ್ರಧಾನ ಕಾನೂನು ಸಲಹೆಗಾರ ಸರ್ ಮೈಕೆಲ್ ವುಡ್ ಲಿಖಿತವಾಗಿ ತಿಳಿಸಿದ್ದರು. ವಿದೇಶಾಂಗ ಸಚಿವ ಜ್ಯಾಕ್ ಸ್ಟ್ರಾ ಅದನ್ನು ಓದಿದರು, ಒಪ್ಪಲಿಲ್ಲ. ಉಪ ಸಲಹೆಗಾರ್ತಿ ಎಲಿಜಬೆತ್ ವಿಲ್ಮ್ಸ್‌ಹರ್ಸ್ಟ್ ಯುದ್ಧದ ಹೊಸ್ತಿಲಲ್ಲಿ ರಾಜೀನಾಮೆ ಕೊಟ್ಟು ಹೊರನಡೆದರು. ಟೋನಿ ಬ್ಲೇರ್ ಸಂಪುಟದಲ್ಲಿದ್ದು, ಹಿಂದೆ ವಿದೇಶಾಂಗ ಸಚಿವರಾಗಿದ್ದ ರಾಬಿನ್ ಕುಕ್ ಮಾರ್ಚ್ 17ರಂದು ರಾಜೀನಾಮೆ ನೀಡಿ, ಸಾಮಾನ್ಯ ಅರ್ಥದಲ್ಲಿ ಹೇಳುವ ಸಮೂಹ ನಾಶಕ ಅಸ್ತ್ರಗಳು ಇರಾಕಿನ ಬಳಿ ಬಹುಶಃ ಇಲ್ಲ ಎಂದು ಸಂಸತ್ತಿನಲ್ಲಿ ಹೇಳಿದರು. ಗುಪ್ತಚರ ವರದಿಗಳ ಸಾರ ಕುಕ್ ಅವರಿಗೂ ತಿಳಿದಿತ್ತು. ಅದೇ ಸಿಬ್ಬಂದಿ, ಅದೇ ಕಾಲ. ಒಬ್ಬನಿಗೆ ಯುದ್ಧ ಕಂಡಿತು, ಇನ್ನೊಬ್ಬನಿಗೆ ಸಂಶಯ ಕಂಡಿತು. ಬ್ಲೇರ್ ಕಚೇರಿಯ ಪ್ರಚಾರ ವಿಭಾಗ ಅದೇ ಫೆಬ್ರವರಿಯಲ್ಲಿ ಹೊರಡಿಸಿದ ಇನ್ನೊಂದು ದಾಖಲೆಯ ದೊಡ್ಡ ಭಾಗ ಒಬ್ಬ ಸಂಶೋಧನಾ ವಿದ್ಯಾರ್ಥಿಯ ಪ್ರಕಟಿತ ಲೇಖನದಿಂದ, ವ್ಯಾಕರಣ ದೋಷಗಳ ಸಮೇತ, ನಕಲು ಮಾಡಿದ್ದೆಂದು ಕೂಡಲೇ ಬಯಲಾಯಿತು. ಪಾವೆಲ್ ಭದ್ರತಾ ಮಂಡಳಿಯಲ್ಲಿ ಆ ದಾಖಲೆಯನ್ನು ಹೊಗಳಿಯೂ ಆಗಿತ್ತು! ಚಿಲ್ಕಾಟ್ ಸಮಿತಿ ಏಳು ವರ್ಷ ವಿಚಾರಣೆ ನಡೆಸಿ 2016ರ ಜುಲೈ 6ರಂದು 12 ಸಂಪುಟಗಳ ವರದಿ ನೀಡಿದ ದಿನ ಬ್ಲೇರ್ ಪೂರ್ಣ ಹೊಣೆ ತನ್ನದೆಂದರು, ಮರು ಉಸಿರಿನಲ್ಲಿಯೇ ತನ್ನ ನಿರ್ಧಾರ ಸರಿಯಾಗಿಯೇ ಇತ್ತೆಂದರು. ಇಂಥ ಹೊಣೆಗಾರಿಕೆಗೆ ಏನೆಂದು ಹೆಸರಿಡೋಣ?

ನಮ್ಮ ದೇಶದ ಕಡೆಗೆ ತಿರುಗೋಣ. ಹೊಣೆಗಾರಿಕೆಯ ಮಾತು ಬಂದಾಗಲೆಲ್ಲ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಹೆಸರು ಹೇಳಿ ಕೈ ತೊಳೆದುಕೊಳ್ಳುವುದು ನಮಗೆ ರೂಢಿ. 1956ರಲ್ಲಿ ಮಹಬೂಬ್‌ನಗರದ ಬಳಿ ರೈಲು ದುರಂತವಾದಾಗ ಅವರು ರಾಜೀನಾಮೆ ಕೊಡಲು ಮುಂದಾದರು, ನೆಹರೂ ಒಪ್ಪಲಿಲ್ಲ. ನವೆಂಬರ್‌ನಲ್ಲಿ ಅರಿಯಲೂರಿನಲ್ಲಿ ಇನ್ನೊಂದು ದುರಂತ ನೂರಕ್ಕೂ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡಾಗ ಪಟ್ಟು ಹಿಡಿದು ಹೊರಬಂದರು. ಅದು ಉದಾತ್ತ ನಡತೆ, ಸಂಶಯವಿಲ್ಲ. ಆದರೆ ಶಾಸ್ತ್ರಿಯವರಿಗೆ ಯಾರೂ ತಪ್ಪು ಸಲಹೆ ಕೊಟ್ಟಿರಲಿಲ್ಲ, ಯಾರ ಮೇಲೂ ಅವರು ದೂರು ಹೊರಿಸಲಿಲ್ಲ. ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು ಅದರ ಮರುವರ್ಷದ ಮುಂದ್ರಾ ಹಗರಣ. ಇಂದಿನ ತಲೆಮಾರಿಗೆ ಅದು ಬಹುತೇಕ ಮರೆತೇಹೋಗಿದೆ.

ಖಾಸಗಿ ವಿಮಾ ಕಂಪನಿಗಳನ್ನು ರಾಷ್ಟ್ರೀಕರಿಸಿ 1956ರ ಸೆಪ್ಟೆಂಬರ್‌ನಲ್ಲಿ ಜೀವ ವಿಮಾ ನಿಗಮವನ್ನು ಸ್ಥಾಪಿಸಲಾಯಿತು. ಗುಮಾಸ್ತರು, ಉಪಾಧ್ಯಾಯರು, ಸಣ್ಣ ವ್ಯಾಪಾರಿಗಳು ಕೂಡಿಟ್ಟ ಹಣ ಅದು. ವರ್ಷ ತುಂಬುವ ಮೊದಲೇ, 1957ರ ಜೂನ್‌ನಲ್ಲಿ, ನಿಗಮವು ಕಲ್ಕತ್ತಾದ ಹರಿದಾಸ್ ಮುಂದ್ರಾ ಎಂಬ ಷೇರು ವ್ಯವಹಾರಸ್ಥನ ಆರು ಕಂಪನಿಗಳ ಷೇರುಗಳನ್ನು ಸುಮಾರು ಒಂದೂಕಾಲು ಕೋಟಿ ರೂಪಾಯಿಗೆ ಕೊಂಡಿತು. ಆ ಕಾಲದಲ್ಲಿ ಅದು ಬೃಹತ್ ಮೊತ್ತ. ಕಂಪನಿಗಳಲ್ಲಿ ಹಲವು ಸೊರಗಿದ್ದವು. ಹೂಡಿಕೆಯ ಬಗ್ಗೆ ಸಲಹೆ ನೀಡಲೆಂದೇ ಇದ್ದ ನಿಗಮದ ಸಮಿತಿಯನ್ನು ಕೇಳಲೇ ಇಲ್ಲ. ಡಿಸೆಂಬರ್‌ನಲ್ಲಿ ಈ ವಿಷಯವನ್ನು ಲೋಕಸಭೆಯಲ್ಲಿ ಬಯಲಿಗೆಳೆದವರು ವಿರೋಧ ಪಕ್ಷದವರಲ್ಲ. ಆಡಳಿತ ಪಕ್ಷದ ಸದಸ್ಯ, ಪ್ರಧಾನಿಯ ಸ್ವಂತ ಅಳಿಯ ಫಿರೋಜ್ ಗಾಂಧಿ!

ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಚಾಗ್ಲಾ ಅವರ ಏಕಸದಸ್ಯ ಆಯೋಗ ನೇಮಕವಾಯಿತು. ವಿಚಾರಣೆ ಬಹಿರಂಗವಾಗಿ ನಡೆಯಿತು. ಜನ ಎಷ್ಟು ಸೇರಿದರೆಂದರೆ ಹೊರಗೆ ಧ್ವನಿವರ್ಧಕ ಹಾಕಬೇಕಾಯಿತು. ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಆಯೋಗದ ಮುಂದೆ ನಿಂತು, ಈ ವ್ಯವಹಾರಕ್ಕೆ ತಾನು ಒಪ್ಪಿಗೆ ನೀಡಿರಲಿಲ್ಲ, ಮಾಡಿದವರು ಅಧಿಕಾರಿಗಳು ಎಂಬ ನಿಲುವು ತಾಳಿದರು. ಅವರ ಪ್ರಧಾನ ಕಾರ್ಯದರ್ಶಿ, ಐಸಿಎಸ್ ಅಧಿಕಾರಿ ಎಚ್.ಎಂ. ಪಟೇಲ್, ಸಚಿವರ ಗಮನಕ್ಕೆ ತಂದೇ ಮಾಡಿದ್ದು ಎಂದರು. ಒಬ್ಬರ ಮಾತಿಗೆ ಇನ್ನೊಬ್ಬರ ಮಾತು. ಕಾಗದದಲ್ಲಿ ಸಚಿವರ ಸಹಿ ಇರಲಿಲ್ಲ. ಇಂದಾಗಿದ್ದರೆ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು, ಕಾರ್ಯದರ್ಶಿಯ ವರ್ಗಾವಣೆಯೊಂದಿಗೆ.

ಚಾಗ್ಲಾ ಹಾಗೆ ಮುಗಿಸಲಿಲ್ಲ. ವಿಷಯ ತಿಳಿದ ಮೇಲೂ ಸಚಿವರು ಆ ವ್ಯವಹಾರವನ್ನು ತಿರಸ್ಕರಿಸಲಿಲ್ಲವೆಂಬುದನ್ನು ಅವರು ಗಮನಿಸಿದರು. ತನ್ನ ಕಾರ್ಯದರ್ಶಿ ಮಾಡಿದ ಕೆಲಸಕ್ಕೆ ಸಚಿವನೇ ಸಂವಿಧಾನಾತ್ಮಕವಾಗಿ ಹೊಣೆ, ಅಧಿಕಾರಿಗಳ ಹಿಂದೆ ಅಡಗಿಕೊಳ್ಳುವಂತೆಯೂ ಇಲ್ಲ, ಅವರು ಮಾಡಿದ್ದು ತನ್ನದಲ್ಲವೆಂದು ಕೈ ಕೊಡವುವಂತೆಯೂ ಇಲ್ಲ ಎಂಬುದು ಅವರ ತೀರ್ಮಾನದ ಸಾರ. 1958ರ ಫೆಬ್ರವರಿಯಲ್ಲಿ, ಆಯೋಗ ನೇಮಕವಾಗಿ ಕೆಲವೇ ವಾರಗಳಲ್ಲಿ, ವರದಿ ಬಂತು, ಅದೇ ತಿಂಗಳು ಕೃಷ್ಣಮಾಚಾರಿ ರಾಜೀನಾಮೆ ನೀಡಿದರು. ನೆಹರೂ ಅದನ್ನು ಒಲ್ಲದ ಮನಸ್ಸಿನಿಂದಲೇ ಸ್ವೀಕರಿಸಿದರು. ಆಯೋಗಗಳ ವರದಿಗಾಗಿ ದಶಕಗಟ್ಟಲೆ ಕಾಯುವುದನ್ನು ಅಭ್ಯಾಸ ಮಾಡಿಕೊಂಡ ನಮಗೆ ಆ ವೇಗವೇ ಒಂದು ಪವಾಡದಂತೆ ತೋರುತ್ತದೆ.

ಈ ಪ್ರಕರಣವನ್ನು ಸುವರ್ಣಯುಗದ ಕಥೆಯಾಗಿ ಹೇಳುವುದು ನನ್ನ ಉದ್ದೇಶವಲ್ಲ. ಕೃಷ್ಣಮಾಚಾರಿ ತಾವಾಗಿಯೇ ಹೊಣೆ ಹೊರಲಿಲ್ಲ, ಹೊರಿಸಬೇಕಾಯಿತು. ಅವರು 1962ರಲ್ಲಿ ಮತ್ತೆ ಸಂಪುಟ ಸೇರಿದರು, ಮರುವರ್ಷ ಮತ್ತೆ ಹಣಕಾಸು ಸಚಿವರೇ ಆದರು. ಕಟಕಟೆಯಲ್ಲಿ ಅವರ ಎದುರು ನಿಂತಿದ್ದ ಎಚ್.ಎಂ. ಪಟೇಲ್ ಕೂಡ 1977ರ ಜನತಾ ಸರ್ಕಾರದಲ್ಲಿ ಅದೇ ಹಣಕಾಸು ಸಚಿವರ ಕುರ್ಚಿಯಲ್ಲಿ ಕುಳಿತರು. ರಾಜಕೀಯದ ನೆನಪು ಅಷ್ಟೇ ಅಲ್ಪಾಯುಷಿ. ಆದರೂ ಆ ದಿನಗಳಲ್ಲಿ ಒಂದು ವಿಷಯ ಸ್ಥಾಪಿತವಾಯಿತು: ಸಹಿ ಇಲ್ಲದಿರುವುದು ಹೊಣೆ ಇಲ್ಲದಿರುವುದಕ್ಕೆ ಸಾಕ್ಷಿಯಲ್ಲ. ನಮ್ಮದೇ ರಾಜ್ಯದಲ್ಲಿ 1988ರಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪ ಬಂದಾಗ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಪದವಿ ಬಿಟ್ಟರು. ಕಿವಿಗೆ ಯಂತ್ರ ಹಚ್ಚಿ ಕುಳಿತವರು ಅವರಾಗಿರಲಿಲ್ಲ.

ಇಂದಿನ ಸ್ಥಿತಿ ಇನ್ನಷ್ಟು ಜಟಿಲವಾಗಿದೆ. ಸಂವಿಧಾನದ 164ನೇ ವಿಧಿಯಂತೆ ರಾಜ್ಯದ ಮಂತ್ರಿಮಂಡಲ ಸಾಮೂಹಿಕವಾಗಿ ವಿಧಾನಸಭೆಗೆ ಹೊಣೆ. 2003ರ 91ನೇ ತಿದ್ದುಪಡಿಯ ಬಳಿಕ ಮಂತ್ರಿಗಳ ಸಂಖ್ಯೆಗೂ ಮಿತಿ ಬಂದು, ಕರ್ನಾಟಕದಲ್ಲಿ ಮುಖ್ಯಮಂತ್ರಿ ಸೇರಿ 34 ಮಂದಿಗಿಂತ ಹೆಚ್ಚು ಇರುವಂತಿಲ್ಲ. ಈ ಬಾಗಿಲು ಮುಚ್ಚಿದ ಕೂಡಲೇ ಪಕ್ಕದ ಕಿಟಕಿ ತೆರೆದುಕೊಂಡಿತು. ರಾಜಕೀಯ ಕಾರ್ಯದರ್ಶಿ, ಮಾಧ್ಯಮ ಸಲಹೆಗಾರ, ವಿಶೇಷ ಕರ್ತವ್ಯಾಧಿಕಾರಿ ಎಂಬಿತ್ಯಾದಿ ಹೆಸರುಗಳಲ್ಲಿ ಬರುವವರಲ್ಲಿ ಕೆಲವರಿಗೆ ಸಂಪುಟ ದರ್ಜೆ, ಕಾರು, ಕೊಠಡಿ ಎಲ್ಲವೂ ಉಂಟು. ಎಲ್ಲ ಪಕ್ಷಗಳೂ ಇದನ್ನು ಮಾಡಿವೆ. ಇವರು ಮಂತ್ರಿಯಲ್ಲ, ಆದ್ದರಿಂದ ಸದನದಲ್ಲಿ ಎದ್ದು ಉತ್ತರಿಸಬೇಕಾಗಿಲ್ಲ. ಹಲವರು ಸರ್ಕಾರಿ ನೌಕರರೂ ಅಲ್ಲ, ಆದ್ದರಿಂದ ಇಲಾಖಾ ವಿಚಾರಣೆಯ ಭಯವೂ ಇಲ್ಲ. ಅವರು ಕೊಟ್ಟ ಸಲಹೆ ಯಾವ ಕಡತದಲ್ಲಿಯೂ ದಾಖಲಾಗುವುದಿಲ್ಲ. ಅರ್ಹತೆ ಏನೆಂದು ಕೇಳಿದರೆ 'ನಂಬಿಕಸ್ಥರು' ಎಂಬುದೊಂದೇ ಉತ್ತರ. ಯಾರ ನಂಬಿಕೆಗೆ, ಯಾವ ಕೆಲಸದಲ್ಲಿ?

ಕೆಳಗಿನ ಹಂತದಲ್ಲಿ ಇದನ್ನು ಸಣ್ಣ ಪಟ್ಟಣಗಳ ಜನ ದಿನನಿತ್ಯ ಅನುಭವಿಸುತ್ತಾರೆ. ಮಗಳ ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಶಾಸಕರ ಮನೆಗೆ ಹೋದವರಿಗೆ ಸಿಗುವುದು ಶಾಸಕರಲ್ಲ, ಅವರ ಪಿಎ. ಯಾರ ಪತ್ರ ಒಳಗೆ ಹೋಗಬೇಕು, ಯಾರದ್ದು ಮೇಜಿನ ಖಾನೆಯಲ್ಲಿ ಉಳಿಯಬೇಕು ಎಂದು ತೀರ್ಮಾನಿಸುವವನು ಅವನೇ. ವರ್ಗಾವಣೆಗೆ ಶಿಫಾರಸು, ಗುತ್ತಿಗೆಗೆ ಮಾತುಕತೆ, ಠಾಣೆಗೆ ಫೋನು, ಎಲ್ಲವೂ 'ಸಾಹೇಬರು ಹೇಳಿದ್ದಾರೆ' ಎಂಬ ಎರಡು ಶಬ್ದಗಳ ಬಲದಲ್ಲಿ ನಡೆಯುತ್ತದೆ. ಒಂದು ದಿನ ಹಣದ ವಿಷಯ ಬಯಲಾದರೆ ಸಾಹೇಬರಿಗೆ ಏನೂ ಗೊತ್ತಿರುವುದಿಲ್ಲ. ಐದು ವರ್ಷ ತನ್ನ ಹೆಸರಿನಲ್ಲಿ ಪಕ್ಕದ ಕೋಣೆಯಲ್ಲಿ ನಡೆದದ್ದು ಗೊತ್ತಿಲ್ಲದ ಮನುಷ್ಯನಿಗೆ ಕ್ಷೇತ್ರದ ಎರಡು ಲಕ್ಷ ಜನರ ಕಷ್ಟ ಹೇಗೆ ಗೊತ್ತಾದೀತು?

ಇದನ್ನು ಪರರ ಕಡೆಗೆ ಬೆರಳು ತೋರಿಸಿ ಮುಗಿಸುವುದು ಸುಲಭ. ನಮ್ಮವರ ವಿಷಯಕ್ಕೂ ಬರಬೇಕಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ವಿಜಯಪುರ ಜಿಲ್ಲೆಯ ರೈತರ ಕೈಗೆ, ಅವರು ಉಳುತ್ತಿದ್ದ ಜಮೀನು ವಕ್ಫ್ ಆಸ್ತಿಯೆಂಬ ನೋಟೀಸುಗಳು ತಲುಪಿದವು. ಕೆಲವು ಕಡೆ ಪಹಣಿಯಲ್ಲಿಯೇ ವಕ್ಫ್ ಹೆಸರು ಸೇರಿತೆಂಬ ದೂರುಗಳು ಬಂದವು. ಹೊನವಾಡ ಗ್ರಾಮದ ಸುಮಾರು 1,200 ಎಕರೆಯ ಸುದ್ದಿ ರಾಜ್ಯವನ್ನೆಲ್ಲ ಸುತ್ತಿತು. ಹಳೆಯ ಗೆಜೆಟ್ ಅಧಿಸೂಚನೆಯಲ್ಲಿ ಆ ಊರಿನ ಹೆಸರು ತಪ್ಪಾಗಿ ಸೇರಿತ್ತು, ಅಲ್ಲಿ ವಕ್ಫ್‌ಗೆ ಸೇರಿದ್ದು 11 ಎಕರೆ ಮಾತ್ರ ಎಂದು ಜಿಲ್ಲಾ ಉಸ್ತುವಾರಿ ಸಚಿವ ಎಂ.ಬಿ. ಪಾಟೀಲರೇ ವಿವರಿಸಬೇಕಾಯಿತು. ನವೆಂಬರ್ ಆರಂಭದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ನೋಟೀಸುಗಳನ್ನು ಹಿಂಪಡೆಯಲು ಆದೇಶಿಸಿದರು. ತಪ್ಪು ಅಧಿಕಾರಿಗಳದ್ದು ಎಂಬ ಧಾಟಿ ಅಲ್ಲಿಯೂ ಕೇಳಿಬಂತು.

ಗೆಜೆಟ್‌ನ ಹಳೆಯ ತಪ್ಪು ಇಂದಿನ ಸಚಿವರದ್ದಲ್ಲ, ನಿಜ. ಆದರೆ ನೋಟೀಸು ಹೊರಡುವ ಮುನ್ನ ಆ ಗೆಜೆಟನ್ನು ಕಂದಾಯ ದಾಖಲೆಯೊಂದಿಗೆ ತಾಳೆ ನೋಡಲು ಯಾರಿಗಾದರೂ ಹೇಳಲಾಗಿತ್ತೇ? ವಕ್ಫ್ ಸಚಿವ ಜಮೀರ್ ಅಹ್ಮದ್ ಖಾನ್ ಜಿಲ್ಲೆ ಜಿಲ್ಲೆಗಳಲ್ಲಿ ಅದಾಲತ್ ನಡೆಸಿ, ಕೆಲಸ ಬೇಗ ಮುಗಿಸುವಂತೆ ಅಧಿಕಾರಿಗಳನ್ನು ಒತ್ತಾಯಿಸುತ್ತಿದ್ದ ಕಾಲ ಅದು. ವಕ್ಫ್ ಆಸ್ತಿಗಳ ಅತಿಕ್ರಮಣವನ್ನು ತೆರವುಗೊಳಿಸಬೇಕೆಂಬ ಗುರಿ ನ್ಯಾಯವಾದುದೇ. ಆದರೆ ಸಚಿವರು 'ಬೇಗ' ಎಂದು ಮಾತ್ರ ಹೇಳಿ 'ಸರಿಯಾಗಿ' ಎಂದು ಹೇಳದಿದ್ದರೆ, ಕೆಳಗಿನವರಿಗೆ ಕೇಳಿಸುವುದು ಮೊದಲ ಶಬ್ದ ಮಾತ್ರ. ಅದರ ಬೆಲೆ ತೆತ್ತವರು ಯಾರು? ನಿದ್ದೆಗೆಟ್ಟ ರೈತ ಕುಟುಂಬಗಳು. ಅವರ ಜೊತೆ, ಯಾವ ನೋಟೀಸನ್ನೂ ಕಂಡರಿಯದೆ ಅದೇ ಊರುಗಳ ಪೇಟೆಯಲ್ಲಿ ಹಣ್ಣು, ಬಟ್ಟೆ ಮಾರಿಕೊಂಡಿದ್ದ, ರೈತರೊಂದಿಗೆ ತಲೆಮಾರುಗಳಿಂದ ಸಾಲ ಕೊಟ್ಟು ಪಡೆದು ಬಾಳಿದ ಮುಸ್ಲಿಮ್ ಕುಟುಂಬಗಳು. ಆ ತಿಂಗಳು ನಡೆದ ಉಪಚುನಾವಣೆಗಳ ವೇದಿಕೆಗಳಲ್ಲಿ ಇದು ಎಂಥ ಭಾಷೆಯಾಗಿ ಬದಲಾಯಿತೆಂಬುದನ್ನು ಎಲ್ಲರೂ ಕೇಳಿದ್ದಾರೆ. ನಿಜವಾಗಿಯೂ ವಕ್ಫ್ ಆಗಿರುವ ಖಬರ್‌ಸ್ತಾನದ ಒಂದು ಗುಂಟೆಗಾಗಿ ದಾಖಲೆ ಹಿಡಿದು ಅಲೆಯುತ್ತಿರುವವನ ಅರ್ಜಿಗೂ ಅಂದಿನಿಂದ ಸಂಶಯದ ನೆರಳು ಬಿತ್ತು.

ಆದ್ದರಿಂದ ಸಮುದಾಯದ ಮುಖಂಡರನ್ನು ಸನ್ಮಾನ ಸಭೆಗೆ ಕರೆಯುವ ಜಮಾಅತ್ ಸಮಿತಿಗಳು, ಸಂಘ ಸಂಸ್ಥೆಗಳು ಇನ್ನು ಮುಂದೆ ಒಂದು ಪ್ರಶ್ನೆಯನ್ನಾದರೂ ಸಿದ್ಧಪಡಿಸಿಕೊಳ್ಳಲಿ. ನಿಮ್ಮ ಕಚೇರಿಯಲ್ಲಿ ಕಂದಾಯ ಕಾನೂನು ಬಲ್ಲವರು ಯಾರಿದ್ದಾರೆ, ಅವರ ಹೆಸರೇನು, ಕಳೆದ ವರ್ಷ ನಿಮ್ಮ ಅಭಿಪ್ರಾಯಕ್ಕೆ ವಿರುದ್ಧವಾಗಿ ಅವರು ಬರೆದ ಟಿಪ್ಪಣಿ ಒಂದಾದರೂ ಇದೆಯೇ ಎಂದು ಕೇಳಲಿ. ಶಾಲು ಹೊದಿಸುವ ಮೊದಲು ಕೇಳಲಿ. ಉತ್ತರ ಬಾರದಿದ್ದರೆ ಆ ಮೌನವನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ದಿನಾಂಕ ಸಮೇತ ಬರೆದಿಡಲಿ. 'ಅಧಿಕಾರಿಗಳು ತಪ್ಪು ಮಾಹಿತಿ ನೀಡಿದ್ದರು' ಎಂಬ ವಾಕ್ಯ ಮುಂದಿನ ಬಾರಿ ಕೇಳಿಬಂದಾಗ ತೆಗೆದು ತೋರಿಸಲು ಬೇಕಾಗುತ್ತದೆ.